ಸಾಲ ಯಾರದು, ತೆರಿಗೆ ಯಾರದು: ಕೀನ್ಯಾ ದಾಟಿ ಬಂದ 2024

2024ರ ಜೂನ್ 25ರ ಮಂಗಳವಾರ ಕೀನ್ಯಾದ ಪೊಲೀಸರು ಎರಡು ರಾಜಧಾನಿಗಳಲ್ಲಿ ಕರ್ತವ್ಯದಲ್ಲಿದ್ದರು. ಗ್ಯಾಂಗುಗಳ ಹಿಡಿತಕ್ಕೆ ಸಿಲುಕಿದ್ದ ಹೈಟಿಯ ರಾಜಧಾನಿಯಲ್ಲಿ ಶಾಂತಿ ಕಾಪಾಡಲು ಹೊರಟಿದ್ದ ಸುಮಾರು 200 ಮಂದಿಯ ಮೊದಲ ತಂಡ ಅಂದು ವಿಮಾನದಿಂದ ಇಳಿಯಿತು. ಅತ್ತ ನೈರೋಬಿಯಲ್ಲಿ ಸಂಸತ್ ಭವನದ ಆವರಣಕ್ಕೆ ನುಗ್ಗಿದ ಯುವಜನರ ಮೇಲೆ ಅದೇ ಪೊಲೀಸ್ ಪಡೆ ಗುಂಡು ಹಾರಿಸಿತು. ಭವನದ ಒಂದು ಭಾಗಕ್ಕೆ ಬೆಂಕಿ ಬಿತ್ತು. ಸಂಸದರು ನೆಲದಡಿಯ ಸುರಂಗದ ಮೂಲಕ ಪಾರಾದರು. ಹಿಂದಿನ ದಿನವಷ್ಟೇ ಅಮೆರಿಕ ಕೀನ್ಯಾವನ್ನು ನ್ಯಾಟೊ ಹೊರಗಿನ ತನ್ನ ಪ್ರಮುಖ ಮಿತ್ರದೇಶವೆಂದು ವಿಧಿವತ್ತಾಗಿ ಘೋಷಿಸಿತ್ತು. ಅದೇ ಹಿಂದಿನ ದಿನ, ಹತ್ತು ವರ್ಷಗಳ ಕೆಳಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಎತ್ತಿದ್ದ 200 ಕೋಟಿ ಡಾಲರ್ ಸಾಲದ ಅವಧಿಯೂ ಮುಗಿದಿತ್ತು.

ಕೀನ್ಯಾ ಎಂದರೆ ನಮ್ಮಲ್ಲಿ ಬಹುಮಟ್ಟಿಗೆ ಮಸಾಯಿ ಮಾರಾದ ಸಿಂಹ, ಇಲ್ಲವೇ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ಮತ್ತೆ ಮತ್ತೆ ಮುಂಚೂಣಿಯಲ್ಲಿ ಕಾಣುವ ಓಟಗಾರರು. ನಮ್ಮ ಪತ್ರಿಕೆಗಳಲ್ಲಿ ಆ ದೇಶದ ರಾಜಕೀಯಕ್ಕೆ ಸಿಗುವ ಜಾಗ ಕಡಿಮೆ. 2024ರಲ್ಲಿ ಅಲ್ಲಿ ನೆರೆ ಬಂತು, ವೈದ್ಯರು ಮುಷ್ಕರ ಹೂಡಿದರು, ಸೇನಾ ಮುಖ್ಯಸ್ಥರು ಹೆಲಿಕಾಪ್ಟರ್ ಅಪಘಾತದಲ್ಲಿ ಸತ್ತರು, ಸಂಸತ್ತು ಉರಿಯಿತು, ಸಂಪುಟ ವಜಾ ಆಯಿತು, ಉಪಾಧ್ಯಕ್ಷರು ಪದಚ್ಯುತರಾದರು, ಭಾರತದ ದೊಡ್ಡ ಉದ್ಯಮ ಸಮೂಹವೊಂದರ ಜೊತೆಗಿನ ಒಪ್ಪಂದಗಳು ಮುರಿದುಬಿದ್ದವು. ಒಂದೊಂದನ್ನೇ ಸುದ್ದಿಯಾಗಿ ಓದಿದರೆ ಇವು ಬಿಡಿಬಿಡಿ ಘಟನೆಗಳು. ಅಪಘಾತವನ್ನು ಬದಿಗಿಟ್ಟರೆ ಉಳಿದವೆಲ್ಲ ಒಂದೇ ಜಗಳದ ಬೇರೆ ಬೇರೆ ಮುಖಗಳು: ಸರ್ಕಾರ ಮಾಡಿದ ಸಾಲಕ್ಕೆ ಯಾರು ತೆರಬೇಕು, ಮತ್ತು ತೆರುವವರನ್ನು ಕೇಳದೆ ಅದನ್ನು ನಿರ್ಧರಿಸುವ ಹಕ್ಕು ಯಾರಿಗಿದೆ?

ಹತ್ತು ವರ್ಷಗಳ ಹಿಂದಿನ ಕೈಸಾಲ

2013ರಲ್ಲಿ ಕೀನ್ಯಾದ ಸಾರ್ವಜನಿಕ ಸಾಲ 2 ಲಕ್ಷ ಕೋಟಿ ಶಿಲ್ಲಿಂಗ್‌ಗಿಂತ ಕಡಿಮೆಯಿತ್ತು. 2024ರ ನಡುಭಾಗದ ಹೊತ್ತಿಗೆ ಅದು 10 ಲಕ್ಷ ಕೋಟಿ ದಾಟಿತ್ತು. ನಡುವಿನ ದಶಕ ರಸ್ತೆ, ಬಂದರು, ವಿದ್ಯುತ್ ಮಾರ್ಗಗಳ ದಶಕ. ಅದರ ದೊಡ್ಡ ಗುರುತು ಮೊಂಬಾಸಾ ಬಂದರಿನಿಂದ ನೈರೋಬಿಗೆ ಹಾಕಿದ ಸುಮಾರು 470 ಕಿಲೋಮೀಟರ್ ಉದ್ದದ ಹೊಸ ರೈಲು ಮಾರ್ಗ. ಸುಮಾರು 360 ಕೋಟಿ ಡಾಲರ್ ವೆಚ್ಚದ ಈ ಹಳಿಯ ಮೇಲೆ 2017ರ ಮೇ ಕೊನೆಯಲ್ಲಿ ಪ್ರಯಾಣಿಕರ ಗಾಡಿ ಓಡಿತು. ಹಣದ ಬಹುಪಾಲು ಚೀನಾದ ಸರ್ಕಾರಿ ಬ್ಯಾಂಕಿನಿಂದ ಬಂದದ್ದು. ಉಗಾಂಡ ಗಡಿಯವರೆಗೆ ಹೋಗಬೇಕಿದ್ದ ಮಾರ್ಗ ರಿಫ್ಟ್ ಕಣಿವೆಯ ನೈವಾಶಾ ಬಳಿ ನಿಂತುಬಿಟ್ಟಿತು. ಗಡಿ ಮುಟ್ಟದ ಹಳಿಯಿಂದ ಅಂದುಕೊಂಡಷ್ಟು ಸರಕು ಸಾಗಣೆಯ ಆದಾಯ ಹುಟ್ಟಲಿಲ್ಲ. ಕಂತುಗಳು ಮಾತ್ರ ವಾಯಿದೆಗೆ ಸರಿಯಾಗಿ ಬಂದವು.

ಇದರ ಜೊತೆಗೆ ಡಾಲರ್ ಬಾಂಡುಗಳು. 2014ರಲ್ಲಿ ಶೇ 7ಕ್ಕೂ ಕಡಿಮೆ ಬಡ್ಡಿಗೆ ಸಿಕ್ಕಿದ್ದ 200 ಕೋಟಿ ಡಾಲರನ್ನು 2024ರ ಜೂನ್‌ನಲ್ಲಿ ಒಂದೇ ಗಂಟಿನಲ್ಲಿ ಹಿಂದಿರುಗಿಸಬೇಕಿತ್ತು. ಆ ವರ್ಷದ ಜನವರಿಯಲ್ಲಿ ಒಂದು ಡಾಲರ್‌ಗೆ 160 ಶಿಲ್ಲಿಂಗ್ ಕೊಡಬೇಕಾದ ಸ್ಥಿತಿ ಇತ್ತು. ಕೀನ್ಯಾ ಸಾಲ ತೀರಿಸಲಾರದು ಎಂಬ ಮಾತು ಮಾರುಕಟ್ಟೆಯಲ್ಲಿ ಓಡಾಡುತ್ತಿತ್ತು. ಆ ಭಯಕ್ಕೆ ಆಧಾರವೂ ಇತ್ತು. ಜಾಂಬಿಯಾ 2020ರಲ್ಲಿ, ಘಾನಾ 2022ರಲ್ಲಿ, ನೆರೆಯ ಇಥಿಯೋಪಿಯ 2023ರ ಡಿಸೆಂಬರ್‌ನಲ್ಲಿ ಕೈಚೆಲ್ಲಿದ್ದವು. ಫೆಬ್ರುವರಿಯಲ್ಲಿ ಸರ್ಕಾರ 150 ಕೋಟಿ ಡಾಲರ್ ಹೊಸ ಬಾಂಡ್ ಮಾರಿ ಹಳೆಯದರ ಬಹುಭಾಗವನ್ನು ಮರಳಿ ಕೊಂಡಿತು. ಹೂಡಿಕೆದಾರರು ಕೇಳಿದ ಪ್ರತಿಫಲ ಶೇ 10ಕ್ಕಿಂತ ಹೆಚ್ಚು. ಶಿಲ್ಲಿಂಗ್ ಚೇತರಿಸಿಕೊಂಡು 130ರ ಆಸುಪಾಸಿಗೆ ಬಂತು. ಹಣಕಾಸು ವಲಯದಲ್ಲಿ ಇದನ್ನು ಜಾಣ ನಡೆ ಎಂದು ಹೊಗಳಿದರು. ಅಗ್ಗದ ಸಾಲ ತೀರಿಸಲು ದುಬಾರಿ ಸಾಲ ಮಾಡಿದ್ದು ಎಂದು ಹೇಳಿದವರೂ ಇದ್ದರು. ಎರಡೂ ನಿಜವೇ. ಆ ಹೊತ್ತಿಗೆ ಸರ್ಕಾರದ ಆದಾಯದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಬರೀ ಬಡ್ಡಿಗೆ ಹೋಗುತ್ತಿತ್ತು.

ಈ ಭಾರವನ್ನು ಹೊರುವವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ಕೀನ್ಯಾದ ದುಡಿಯುವ ಜನರಲ್ಲಿ ಐವರಲ್ಲಿ ನಾಲ್ವರು ಅಸಂಘಟಿತ ವಲಯದವರು. ತರಕಾರಿ ಮಾರುವ ಹೆಂಗಸರು, ಬೋಡಾ ಬೋಡಾ ಎಂದು ಕರೆಯುವ ಬೈಕ್ ಟ್ಯಾಕ್ಸಿಯವರು, ಗುಜರಿ ಲೋಹದಲ್ಲಿ ಒಲೆ, ಪೆಟ್ಟಿಗೆ ತಟ್ಟುವವರು. ಇವರ ಆದಾಯಕ್ಕೆ ತೆರಿಗೆ ಹಾಕುವುದು ಕಷ್ಟವಾದ್ದರಿಂದ ಸರ್ಕಾರದ ಕೈ ಮೊದಲು ಹೋಗುವುದು ಸಂಬಳದ ಚೀಟಿಗೆ, ಆಮೇಲೆ ಅಂಗಡಿಯ ರಸೀದಿಗೆ. 2022ರ ಆಗಸ್ಟ್‌ನಲ್ಲಿ ಶೇ 50.49 ಮತ ಪಡೆದು ಗೆದ್ದ ಅಧ್ಯಕ್ಷರು ತಮ್ಮನ್ನು ದುಡಿದು ತಿನ್ನುವ ಬಡವರ ಮಗನೆಂದೂ ಎದುರಾಳಿಗಳನ್ನು ವಂಶಪಾರಂಪರ್ಯದ ದೊಡ್ಡಮನೆಯವರೆಂದೂ ಬಿಂಬಿಸಿ ಮತ ಕೇಳಿದ್ದರು. ಮರುವರ್ಷವೇ ಪೆಟ್ರೋಲ್, ಡೀಸೆಲ್ ಮೇಲಿನ ಮೌಲ್ಯವರ್ಧಿತ ತೆರಿಗೆ ಶೇ 8ರಿಂದ 16ಕ್ಕೆ ಏರಿತು. ಸಂಬಳದಿಂದ ಶೇ 1.5ರಷ್ಟು ವಸತಿ ನಿಧಿಗೆ ಕಡಿತ ಶುರುವಾಯಿತು. 2024ರ ಅಕ್ಟೋಬರ್‌ನಿಂದ ಆರೋಗ್ಯ ವಿಮೆಗೆಂದು ಮತ್ತೆ ಶೇ 2.75 ಸೇರಿತು. ಬೈಬಲ್ಲಿನ ಸುಂಕದ ಅಧಿಕಾರಿ ಜಕ್ಕಾಯನ ಸ್ವಾಹಿಲಿ ಹೆಸರು ಜಕಾಯೊ. ಕ್ರೈಸ್ತರೇ ಬಹುಸಂಖ್ಯಾತರಾದ ದೇಶದಲ್ಲಿ ಆ ಹೆಸರನ್ನು ಅಧ್ಯಕ್ಷರಿಗೆ ಅಂಟಿಸಲು ಯಾವ ಪ್ರಚಾರ ಸಂಸ್ಥೆಯೂ ಬೇಕಾಗಲಿಲ್ಲ.

ನೀರು ಮತ್ತು ಆಸ್ಪತ್ರೆ

ಜೂನ್‌ನ ಬೀದಿಗಳಿಗೆ ಹೋಗುವ ಮೊದಲು ಆ ವರ್ಷದ ಮೊದಲ ಐದು ತಿಂಗಳನ್ನು ನೋಡಬೇಕು, ಯಾಕೆಂದರೆ ಸಿಟ್ಟು ಒಂದು ಮಸೂದೆಯಿಂದ ಹುಟ್ಟಿದ್ದಲ್ಲ. ಫೆಬ್ರುವರಿ ಮೊದಲ ವಾರ ನೈರೋಬಿಯ ಎಂಬಕಾಸಿಯಲ್ಲಿ, ಮನೆಗಳ ನಡುವೆ ನಡೆಯುತ್ತಿದ್ದ ಅಕ್ರಮ ಅಡುಗೆ ಅನಿಲ ಕೇಂದ್ರವೊಂದು ಸ್ಫೋಟಿಸಿ ನೂರಾರು ಜನ ಗಾಯಗೊಂಡರು. ಅದೇ ತಿಂಗಳ 11ರಂದು ಮ್ಯಾರಥಾನ್ ವಿಶ್ವದಾಖಲೆಯ ಒಡೆಯ, 24 ವರ್ಷದ ಓಟಗಾರ ಎಲ್ಡೊರೆಟ್ ಸಮೀಪದ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಷಿಕಾಗೊದಲ್ಲಿ 2 ಗಂಟೆ 35 ಸೆಕೆಂಡಿನಲ್ಲಿ ಓಡಿ ಮುಗಿಸಿ ಆಗಿನ್ನೂ ನಾಲ್ಕು ತಿಂಗಳಾಗಿತ್ತು. ಏಪ್ರಿಲ್ 18ರಂದು ಪಶ್ಚಿಮದ ಗುಡ್ಡಗಾಡಿನಲ್ಲಿ ಹೆಲಿಕಾಪ್ಟರ್ ಬಿದ್ದು ಸೇನಾ ಮುಖ್ಯಸ್ಥರೂ ಇನ್ನೊಂಬತ್ತು ಮಂದಿಯೂ ಸತ್ತರು. ಅಧಿಕಾರದಲ್ಲಿದ್ದಾಗಲೇ ಆ ಹುದ್ದೆಯವರು ಸತ್ತದ್ದು ದೇಶದ ಚರಿತ್ರೆಯಲ್ಲಿ ಅದೇ ಮೊದಲು.

ಮಾರ್ಚ್ ಮಧ್ಯದಲ್ಲಿ ಸರ್ಕಾರಿ ವೈದ್ಯರು ಮುಷ್ಕರ ಹೂಡಿದರು. ಜಗಳದ ತಿರುಳು ತರಬೇತಿ ವೈದ್ಯರ ಸಂಬಳ. 2017ರ ಒಪ್ಪಂದದ ಪ್ರಕಾರ ಅವರಿಗೆ ತಿಂಗಳಿಗೆ ಸುಮಾರು 2,06,000 ಶಿಲ್ಲಿಂಗ್ ಸಿಗಬೇಕಿತ್ತು. ಬೊಕ್ಕಸದಲ್ಲಿ ಹಣವಿಲ್ಲ, 70,000 ಕೊಡುತ್ತೇವೆ ಎಂದಿತು ಸರ್ಕಾರ. ಒಂದು ಲೆಕ್ಕದಲ್ಲಿ ಇದು ಪ್ರಾಮಾಣಿಕ ಉತ್ತರವೇ. ಆದರೆ ತಾನೇ ಸಹಿ ಹಾಕಿದ ಒಪ್ಪಂದಕ್ಕೆ ಹಣವಿಲ್ಲ ಎನ್ನುವ ಸರ್ಕಾರ ಹೊರದೇಶದ ಬಾಂಡಿನ ಒಡೆಯರಿಗೆ ಹಾಗೆ ಹೇಳಲಿಲ್ಲವಲ್ಲ ಎಂಬ ಪ್ರಶ್ನೆ ಆಸ್ಪತ್ರೆಗಳ ಪಡಸಾಲೆಯಲ್ಲಿ ಎದ್ದಿತು. 56 ದಿನಗಳ ನಂತರ, ಮೇ 8ರಂದು ಮುಷ್ಕರ ನಿಂತಿತು. ತರಬೇತಿ ವೈದ್ಯರ ಪ್ರಶ್ನೆ ಹಾಗೇ ಉಳಿಯಿತು.

ಆ ಹೊತ್ತಿಗೆ ದೇಶ ನೀರಿನಲ್ಲಿತ್ತು. 2020ರಿಂದ ಸತತ ಐದು ಮಳೆಗಾಲ ಕೈಕೊಟ್ಟು, ಉತ್ತರದ ಒಣ ಪ್ರದೇಶಗಳಲ್ಲಿ ದನಕರುಗಳು ಸಾಲುಸಾಲಾಗಿ ಸತ್ತ ದೇಶ ಅದು. ಅಲ್ಲಿ 2024ರ ಮಾರ್ಚ್‌ನಿಂದ ಮೇವರೆಗಿನ ಮಳೆ 290ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮನೆಮಠ ಕಳೆದುಕೊಂಡವರು 2.8 ಲಕ್ಷ. ಏಪ್ರಿಲ್ 29ರ ನಸುಕಿನಲ್ಲಿ ಮಾಯಿ ಮಹಿಯು ಪಟ್ಟಣದ ಬಳಿ ನಡೆದದ್ದನ್ನು ಮೊದಲು ಅಣೆಕಟ್ಟು ಒಡೆದದ್ದು ಎಂದು ವರದಿ ಮಾಡಿದರು. ಅಲ್ಲಿ ಅಣೆಕಟ್ಟೇ ಇರಲಿಲ್ಲ. ರೈಲು ಹಳಿಯ ಏರಿಯ ಕೆಳಗೆ ನೀರು ಹಾಯಲು ಬಿಟ್ಟಿದ್ದ ಮೋರಿ ಮರ, ಮಣ್ಣು, ಕಸದಿಂದ ಕಟ್ಟಿಕೊಂಡಿತ್ತು. ಏರಿಯ ಹಿಂದೆ ಕೆರೆಯಂತೆ ನಿಂತ ನೀರು ಕತ್ತಲಲ್ಲಿ ಏರಿ ಒಡೆದು ಕೆಳಗಿನ ಹಳ್ಳಿಯ ಮೇಲೆ ಬಿತ್ತು. ಮಲಗಿದ್ದವರಿಗೆ ಏಳಲು ವ್ಯವಧಾನವಿರಲಿಲ್ಲ. ಸತ್ತವರ ಸಂಖ್ಯೆ ಐವತ್ತರ ಆಸುಪಾಸು. ಬಂಡೆ, ಬೇರುಸಹಿತ ಬಂದ ಮರ ಮತ್ತು ಕಾರುಗಳು ಒಂದರೊಳಗೊಂದು ಸಿಕ್ಕಿಕೊಂಡ ರಾಶಿಯ ಅಡಿಯಿಂದ ವಾರಗಟ್ಟಲೆ ಶವ ಹುಡುಕಿದರು. ಮೋರಿಯ ಬಾಯಿ ಬಿಡಿಸಿಡುವುದು ದೊಡ್ಡ ತಂತ್ರಜ್ಞಾನದ ಕೆಲಸವೇನಲ್ಲ.

ನೈರೋಬಿಯಲ್ಲಿ ನೆರೆಯ ಉತ್ತರಾರ್ಧ ಬುಲ್ಡೋಜರ್ ರೂಪದಲ್ಲಿ ಬಂತು. ನದಿ ದಂಡೆಯಿಂದ 30 ಮೀಟರ್ ಒಳಗಿರುವವರು ಜಾಗ ಖಾಲಿ ಮಾಡಬೇಕೆಂದು ಆದೇಶವಾಯಿತು. ಮಥಾರೆ, ಮುಕುರು ಕೊಳೆಗೇರಿಗಳಲ್ಲಿ ತಗಡಿನ ಮನೆಗಳನ್ನು ನೆಲಸಮ ಮಾಡಿದರು. ಕುಟುಂಬಕ್ಕೆ 10,000 ಶಿಲ್ಲಿಂಗ್ ಕೊಡುವ ಭರವಸೆ ಬಂತು. ಹೊಳೆದಂಡೆ ತೆರವು ಮಾಡದೆ ನಗರಕ್ಕೆ ಉಳಿಗಾಲವಿಲ್ಲ ಎಂಬ ಅಧಿಕಾರಿಗಳ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಪುನರ್ವಸತಿಯ ಜಾಗ ತೋರಿಸದೆ, ಮಳೆ ಇನ್ನೂ ಸುರಿಯುತ್ತಿರುವಾಗಲೇ ನಡೆದ ತೆರವು ಅದು. ಸಂಬಳದಿಂದ ವಸತಿ ತೆರಿಗೆ ಕಡಿತವಾಗುತ್ತಿದ್ದ ವರ್ಷದಲ್ಲೇ ಇದು ನಡೆಯಿತು ಎಂಬುದನ್ನು ಜನ ಗಮನಿಸದೆ ಇರಲಿಲ್ಲ.

ಬ್ರೆಡ್ಡಿನಿಂದ ಬೀದಿಗೆ

ಹಣಕಾಸು ಮಸೂದೆ ಮೇ ತಿಂಗಳಲ್ಲಿ ಸಂಸತ್ತಿಗೆ ಬಂತು. ಗುರಿ 34,670 ಕೋಟಿ ಶಿಲ್ಲಿಂಗ್ ಹೆಚ್ಚುವರಿ ಆದಾಯ. ಬ್ರೆಡ್ಡಿಗೆ ಶೇ 16ರ ತೆರಿಗೆ, ಅಡುಗೆ ಎಣ್ಣೆಗೆ ಶೇ 25ರ ಅಬಕಾರಿ ಸುಂಕ, ಮೊಬೈಲ್ ಮೂಲಕ ಹಣ ಕಳಿಸುವಾಗಿನ ಶುಲ್ಕದ ಮೇಲಿನ ಸುಂಕ ಶೇ 15ರಿಂದ 20ಕ್ಕೆ, ವಾಹನಗಳ ಬೆಲೆಯ ಶೇ 2.5ರಷ್ಟು ವಾರ್ಷಿಕ ತೆರಿಗೆ. ಇವಲ್ಲದೆ ಪರಿಸರದ ಹೆಸರಿನ ಸುಂಕವೊಂದು. ಅದರ ವ್ಯಾಪ್ತಿಗೆ ಮಕ್ಕಳ ಡಯಾಪರ್, ಸ್ಯಾನಿಟರಿ ಪ್ಯಾಡ್, ಮೊಬೈಲ್ ಫೋನ್ ಎಲ್ಲ ಬರುತ್ತಿದ್ದವು. ಪಟ್ಟಣದ ಕೀನ್ಯಾದಲ್ಲಿ ಹಾಲು ಹಾಕಿದ ಚಹಾ ಮತ್ತು ಎರಡು ತುಂಡು ಬ್ರೆಡ್ಡು ಎಂದರೆ ಬೆಳಗಿನ ಊಟ. ತೆರಿಗೆ ಬಂದರೆ ಸಣ್ಣ ಬ್ರೆಡ್ಡಿನ ಪೊಟ್ಟಣಕ್ಕೆ ಸುಮಾರು 10 ಶಿಲ್ಲಿಂಗ್ ಏರುತ್ತಿತ್ತು. ನೂರು ಪುಟದ ಕಾನೂನು ಭಾಷೆ ಅಷ್ಟರ ಮಟ್ಟಿಗೆ ಅಡುಗೆಮನೆಗೆ ಅರ್ಥವಾಯಿತು.

ಉಳಿದದ್ದನ್ನು ಅರ್ಥ ಮಾಡಿಸುವ ಕೆಲಸವನ್ನು ಯುವಜನರೇ ಕೈಗೆತ್ತಿಕೊಂಡರು. ಮಸೂದೆಯ ಕಲಮುಗಳನ್ನು ಸ್ವಾಹಿಲಿಗೂ ಕಿಕುಯು, ಲುವೊ ಮೊದಲಾದ ಭಾಷೆಗಳಿಗೂ ತಂದು ಚಿಕ್ಕ ವಿಡಿಯೊ ಮಾಡಿದರು. ಮಸೂದೆಯ ಬಗೆಗಿನ ಪ್ರಶ್ನೆಗೆ ಉತ್ತರ ಕೊಡುವ ಚಾಟ್‌ಬಾಟ್ ಕಟ್ಟಿದರು. ಸಂಸದರ ಮೊಬೈಲ್ ಸಂಖ್ಯೆಗಳನ್ನು ಹಂಚಿ, ಅವರ ಫೋನು ತುಂಬಿ ತುಳುಕುವಂತೆ ಸಂದೇಶ ಕಳಿಸಿದರು. ಗಾಯಾಳುಗಳ ಆಸ್ಪತ್ರೆ ಖರ್ಚಿಗೆ ಮೊಬೈಲಿನಲ್ಲೇ ಚಂದಾ ಎತ್ತಿದರು. ತಮಗೆ ನಾಯಕನಿಲ್ಲ, ಪಕ್ಷವಿಲ್ಲ, ಬುಡಕಟ್ಟಿಲ್ಲ ಎಂದು ಘೋಷಿಸಿಕೊಂಡರು. ಕೊನೆಯದು ಕೀನ್ಯಾದ ಮಟ್ಟಿಗೆ ಸಣ್ಣ ಮಾತಲ್ಲ. 2007ರ ಚುನಾವಣೆಯ ನಂತರ ಬುಡಕಟ್ಟಿನ ಹೆಸರಿನಲ್ಲಿ 1,100ಕ್ಕೂ ಹೆಚ್ಚು ಜನ ಸತ್ತು, ಆರು ಲಕ್ಷದಷ್ಟು ಜನ ನೆಲೆ ಕಳೆದುಕೊಂಡ ದೇಶದಲ್ಲಿ ಪ್ರತಿ ಪಕ್ಷವೂ ಯಾವುದೋ ಒಂದು ಸಮುದಾಯದ ಲೆಕ್ಕದ ಮೇಲೆ ನಿಂತಿದೆ. ಮಾಂಡಮಾನೊ ಎಂದು ಸ್ವಾಹಿಲಿಯಲ್ಲಿ ಕರೆಯುವ ಬೀದಿ ಮೆರವಣಿಗೆ ಅಲ್ಲಿಯವರೆಗೆ ಯಾವುದಾದರೊಬ್ಬ ಹಿರಿಯ ರಾಜಕಾರಣಿಯ ಕರೆಗೆ ಓಗೊಡುತ್ತಿತ್ತು. 2023ರಲ್ಲಿ ಬೆಲೆಯೇರಿಕೆಯ ವಿರುದ್ಧ ನಡೆದ ಮೆರವಣಿಗೆಗಳೂ ಹಾಗೆಯೇ ನಡೆದು, ಹತ್ತಾರು ಸಾವುಗಳ ನಂತರ ಆಳುವವರ ಮತ್ತು ಪ್ರತಿಪಕ್ಷದವರ ಮಾತುಕತೆಯಲ್ಲಿ ಕರಗಿಹೋಗಿದ್ದವು.

ಜೂನ್ 18ರ ಮೊದಲ ಮೆರವಣಿಗೆಯ ದಿನವೇ ಸರ್ಕಾರ ಬ್ರೆಡ್ಡು ಮತ್ತು ವಾಹನದ ತೆರಿಗೆಗಳನ್ನು ಕೈಬಿಟ್ಟಿತು. ಇಷ್ಟಕ್ಕೆ ಜನ ತಣ್ಣಗಾಗುತ್ತಾರೆ ಎಂಬ ಅಂದಾಜು ತಪ್ಪಿತು. 20ರಂದು ಎರಡನೇ ವಾಚನದಲ್ಲಿ ಮಸೂದೆ 204–115 ಮತಗಳಿಂದ ದಾಟಿದಾಗ ಮೆರವಣಿಗೆ ನೈರೋಬಿಯಿಂದಾಚೆ ಹಬ್ಬಿತು, ಅಂದು ರಾತ್ರಿಯ ಹೊತ್ತಿಗೆ ಮೊದಲ ಸಾವಿನ ಸುದ್ದಿ ಬಂತು. ಆಳುವ ಮೈತ್ರಿಕೂಟದ ನೆಲೆಯೆಂದೇ ಹೆಸರಾಗಿದ್ದ ಎಲ್ಡೊರೆಟ್, ನ್ಯೇರಿಯಂಥ ಊರುಗಳಲ್ಲೂ ಜನ ಬೀದಿಗಿಳಿದರು. 25ರ ಮಧ್ಯಾಹ್ನ ಅಂತಿಮ ಮತ 195–106. ಅದಾದ ಸ್ವಲ್ಪ ಹೊತ್ತಿಗೇ ಭದ್ರತೆಯ ಸಾಲು ಮುರಿಯಿತು. ಒಳಹೊಕ್ಕವರಲ್ಲಿ ಕೆಲವರು ಸಭಾಧ್ಯಕ್ಷರ ಪೀಠದ ಬಳಿ ನಿಂತು ಫೋಟೊ ತೆಗೆಸಿಕೊಂಡರು, ಕೆಲವರು ಸಂಸದರ ಉಪಾಹಾರ ಗೃಹಕ್ಕೆ ನುಗ್ಗಿ ಅಲ್ಲಿದ್ದದ್ದನ್ನು ಉಂಡರು, ರಾಜದಂಡವನ್ನು ಹೊತ್ತೊಯ್ದರು. ಹೊರಗೆ ರಸ್ತೆಯಲ್ಲಿ ರಾಷ್ಟ್ರಧ್ವಜ ಹೊದ್ದವರು ಗುಂಡಿಗೆ ಬಿದ್ದಿದ್ದರು. ಜುಲೈ ಆರಂಭದ ಹೊತ್ತಿಗೆ ದೇಶದ ಶಾಸನಬದ್ಧ ಮಾನವ ಹಕ್ಕು ಸಂಸ್ಥೆ 39 ಸಾವುಗಳನ್ನು ದಾಖಲಿಸಿತ್ತು. ತಿಂಗಳುಗಳು ಕಳೆದಂತೆ ಆ ಸಂಖ್ಯೆ 60 ಮುಟ್ಟಿತು.

25ರ ರಾತ್ರಿ ಅಧ್ಯಕ್ಷರು ದೂರದರ್ಶನದಲ್ಲಿ ಬಳಸಿದ್ದು ದೇಶದ್ರೋಹದ ಭಾಷೆ. ಸೇನೆಯನ್ನು ಬೀದಿಗೆ ಕರೆದರು. ಮರುದಿನ ಸ್ವರ ಬದಲಾಗಿ, ಮಸೂದೆಗೆ ಸಹಿ ಹಾಕುವುದಿಲ್ಲ, ಜನರ ಮಾತಿಗೆ ಮಣಿಯುತ್ತೇನೆ ಎಂದರು. ಒಂದು ರಾತ್ರಿಯಲ್ಲಿ ಆದ ಈ ಬದಲಾವಣೆಯ ಹಿಂದಿನ ಲೆಕ್ಕಾಚಾರವೇನೇ ಇರಲಿ, ಸಂಸತ್ತಿನ ಬಹುಮತ ಇದ್ದೂ ಆಫ್ರಿಕಾದಲ್ಲಿ ಬಜೆಟ್ಟಿನ ಮಸೂದೆ ಹೀಗೆ ಬಿದ್ದದ್ದು ವಿರಳ.

ಸರ್ಕಾರದ ಪಕ್ಷದಲ್ಲೂ ಒಂದು ಮಾತು

ಇಲ್ಲಿ ಸರ್ಕಾರದ ವಾದವನ್ನು ಪೂರ್ತಿಯಾಗಿ ಕೇಳುವುದು ನ್ಯಾಯ. ಕೀನ್ಯಾದ ತೆರಿಗೆ ಆದಾಯ ಒಟ್ಟು ಉತ್ಪನ್ನದ ಶೇ 15ರ ಆಸುಪಾಸಿನಲ್ಲಿದೆ. ಸಾಲದ ಕಂತು, ಸಂಬಳ, 47 ಕೌಂಟಿಗಳಿಗೆ ಕೊಡಲೇಬೇಕಾದ ಪಾಲು ಕಳೆದರೆ ಶಾಲೆ ಆಸ್ಪತ್ರೆಗೆ ಉಳಿಯುವುದು ಚೂರುಪಾರು. ಸಾಲ ಮಾಡಿದವರು ಬಹುಪಾಲು ಹಿಂದಿನವರು (ಆ ಸರ್ಕಾರದಲ್ಲಿ ಈಗಿನ ಅಧ್ಯಕ್ಷರೇ ಉಪಾಧ್ಯಕ್ಷರಾಗಿದ್ದರು ಎಂಬುದನ್ನು ಟೀಕಾಕಾರರು ನೆನಪಿಸದೆ ಬಿಡುವುದಿಲ್ಲ). ವಾಷಿಂಗ್ಟನ್ನಿನ ಸಾಲದಾತ ಸಂಸ್ಥೆ ಕಂತು ಬಿಡುಗಡೆಗೆ ಆದಾಯ ಹೆಚ್ಚಳದ ಷರತ್ತು ಹಾಕಿತ್ತು. ತೆರಿಗೆ ಬೇಡವೆಂದರೆ ಇನ್ನಷ್ಟು ಸಾಲ, ಸಾಲ ಬೇಡವೆಂದರೆ ದಿವಾಳಿ. ಮಸೂದೆ ಬಿದ್ದ ಮೇಲೆ ಆದದ್ದೂ ಹಾಗೆಯೇ. ಕೊರತೆಯಾದ ಮೊತ್ತದಲ್ಲಿ ಸುಮಾರು 17,700 ಕೋಟಿ ಶಿಲ್ಲಿಂಗ್ ಖರ್ಚು ಕಡಿತ, ಉಳಿದದ್ದು ಮತ್ತೆ ಸಾಲ ಎಂದು ಜುಲೈ 5ರಂದು ಘೋಷಣೆ ಬಂತು. ಮೂರು ದಿನಗಳಲ್ಲಿ ಅಂತರರಾಷ್ಟ್ರೀಯ ಶ್ರೇಯಾಂಕ ಸಂಸ್ಥೆಯೊಂದು ದೇಶದ ಸಾಲಯೋಗ್ಯತೆಯನ್ನು ಕೆಳಗಿಳಿಸಿತು, ಆಗಸ್ಟ್ ಮುಗಿಯುವುದರೊಳಗೆ ಇನ್ನೆರಡು ಸಂಸ್ಥೆಗಳೂ ಅದೇ ದಾರಿ ಹಿಡಿದವು. ತೆರಿಗೆಯನ್ನು ಸೋಲಿಸಿದ ಬೀದಿಗೆ ಬಡ್ಡಿಯ ದರವನ್ನು ಸೋಲಿಸಲಾಗಲಿಲ್ಲ.

ಆದರೂ ಅದೇ ಜುಲೈ 5ರ ಪಟ್ಟಿಯನ್ನು ಓದಿದರೆ ಯುವಜನರ ವಾದಕ್ಕೇ ಸಾಕ್ಷಿ ಸಿಗುತ್ತದೆ. 47 ಸರ್ಕಾರಿ ನಿಗಮಗಳ ವಿಸರ್ಜನೆ, ಸಲಹೆಗಾರರ ಸಂಖ್ಯೆ ಅರ್ಧಕ್ಕೆ, ಅಧ್ಯಕ್ಷರ ಹಾಗೂ ಉಪಾಧ್ಯಕ್ಷರ ಪತ್ನಿಯರ ಕಚೇರಿಗಳ ಬಜೆಟ್ ರದ್ದು. ಇವೆಲ್ಲ ಜುಲೈನಲ್ಲಿ ಸಾಧ್ಯವಿದ್ದರೆ ಮೇ ತಿಂಗಳಲ್ಲೂ ಸಾಧ್ಯವಿತ್ತು. ಸರ್ಕಾರದ ಗಣಿತ ತಪ್ಪಿರಲಿಲ್ಲ, ಅದರ ಅನುಕ್ರಮ ತಪ್ಪಿತ್ತು ಎಂಬುದು ಈ ಲೇಖಕನ ಅಭಿಪ್ರಾಯ. ಮೊದಲು ತನ್ನ ಖರ್ಚಿಗೆ ಕತ್ತರಿ ಹಾಕಿ ತೋರಿಸಿ ಆಮೇಲೆ ಬ್ರೆಡ್ಡಿಗೆ ತೆರಿಗೆ ಕೇಳಿದ್ದರೆ ವಿರೋಧ ಇಲ್ಲದೆ ಇರುತ್ತಿರಲಿಲ್ಲ, ಆದರೆ ಅದು ಬೇರೆ ಬಗೆಯ ವಿರೋಧವಾಗುತ್ತಿತ್ತು.

ಸಂವಿಧಾನದ ಮಕ್ಕಳು

ಈ ಪೀಳಿಗೆಗೆ ಈ ಧೈರ್ಯ ಎಲ್ಲಿಂದ ಬಂತು ಎಂಬುದಕ್ಕೆ ಮೊಬೈಲ್ ಅರ್ಧ ಉತ್ತರ ಮಾತ್ರ. ಇನ್ನರ್ಧ 2010ರ ಆಗಸ್ಟ್ 27ರಂದು ಜಾರಿಗೆ ಬಂದ ಸಂವಿಧಾನ. 2007–08ರ ರಕ್ತಪಾತದ ಪಾಠವಾಗಿ ಬಂದ ಆ ದಸ್ತಾವೇಜು ಅಧಿಕಾರವನ್ನು 47 ಕೌಂಟಿಗಳಿಗೆ ಹಂಚಿತು. ಸಾರ್ವಭೌಮ ಅಧಿಕಾರ ಜನರದು ಎಂದು ಮೊದಲ ವಿಧಿಯಲ್ಲೇ ಬರೆಯಿತು. ಶಾಸನ ರಚನೆಯಲ್ಲಿ ಸಾರ್ವಜನಿಕರ ಭಾಗವಹಿಸುವಿಕೆಯನ್ನು ಕಡ್ಡಾಯ ಮಾಡಿತು. 37ನೇ ವಿಧಿಯಲ್ಲಿ ನಿರಾಯುಧ ಪ್ರತಿಭಟನೆಯ ಹಕ್ಕನ್ನು ಕೊಟ್ಟಿತು. 2024ರಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದವರು ಇದನ್ನು ಶಾಲೆಯಲ್ಲಿ ಪಾಠವಾಗಿ ಓದಿ ಬೆಳೆದವರು. ಮುಕ್ಕಾಲು ಭಾಗ ಜನ 35ರ ಕೆಳಗಿರುವ ದೇಶದಲ್ಲಿ ಅವರ ಸಂಖ್ಯೆಯೂ ದೊಡ್ಡದು. 1990ರ ಜುಲೈ 7ರಂದು ಬಹುಪಕ್ಷ ಪದ್ಧತಿಗಾಗಿ ಬೀದಿಗಿಳಿದ ಹಿಂದಿನ ಪೀಳಿಗೆ ಇಲ್ಲದ ಹಕ್ಕನ್ನು ಕೇಳಿತ್ತು. ಇವರು ಕೇಳಿದ್ದು ಪುಸ್ತಕದಲ್ಲಿ ಬರೆದಿರುವ ಹಕ್ಕನ್ನು.

ಅದೇ ಕಾರಣಕ್ಕೆ ವರ್ಷದ ಅನೇಕ ತಿರುವುಗಳು ನ್ಯಾಯಾಲಯದ ಕಟಕಟೆಯಲ್ಲಿ ಕಾಣಿಸಿದವು. ಹೈಟಿಗೆ ಪೊಲೀಸರನ್ನು ಕಳಿಸುವುದು ಸಂವಿಧಾನಬಾಹಿರ ಎಂದು ಜನವರಿಯಲ್ಲಿ ಹೈಕೋರ್ಟ್ ಹೇಳಿತ್ತು. ಸರ್ಕಾರ ಹೈಟಿಯ ಜೊತೆ ಒಪ್ಪಂದ ಮಾಡಿಕೊಂಡು ಮುಂದುವರಿಯಿತು. ವಸತಿ ತೆರಿಗೆಯನ್ನು 2023ರ ಕೊನೆಯಲ್ಲಿ ಕೋರ್ಟು ಹೊಡೆದುಹಾಕಿದಾಗ ಸಂಸತ್ತು ಮಾರ್ಚ್‌ನಲ್ಲಿ ಹೊಸ ಕಾಯ್ದೆಯ ಮೂಲಕ ಅದನ್ನೇ ಮರಳಿ ತಂದಿತು. ಜುಲೈ 31ರಂದು ಮೇಲ್ಮನವಿ ನ್ಯಾಯಾಲಯ 2023ರ ಇಡೀ ಹಣಕಾಸು ಕಾಯ್ದೆಯನ್ನೇ ಸಾರ್ವಜನಿಕ ಭಾಗವಹಿಸುವಿಕೆಯ ಕೊರತೆಯ ಕಾರಣಕ್ಕೆ ಅಸಿಂಧುಗೊಳಿಸಿತು, ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಪ್ರಜೆಗಳ ಅಭಿಪ್ರಾಯ ಕೇಳಿದರೆ ಸಾಕೇ, ಯಾಕೆ ಒಪ್ಪಲಿಲ್ಲ ಎಂದು ಕಾರಣವನ್ನೂ ಕೊಡಬೇಕೇ ಎಂಬುದು ವಾದದ ತಿರುಳಾಗಿತ್ತು. ಕೀನ್ಯಾದ ನ್ಯಾಯಾಂಗ ಸರ್ಕಾರವನ್ನು ತಡೆಯಬಲ್ಲದು, ಆದರೆ ಬಹಳ ಹೊತ್ತು ತಡೆದು ನಿಲ್ಲಿಸಲಾರದು.

ಭಾರತಕ್ಕೆ ನೇರವಾಗಿ ತಾಗಿದ ಪ್ರಕರಣವೂ ಹೀಗೆಯೇ ಕೋರ್ಟು, ಬೀದಿಗಳ ನಡುವೆ ಸುಳಿದಾಡಿತು. ನೈರೋಬಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು 30 ವರ್ಷ ಗುತ್ತಿಗೆಗೆ ಪಡೆದು 185 ಕೋಟಿ ಡಾಲರ್ ಹೂಡುವ ಪ್ರಸ್ತಾವವೊಂದು ನಮ್ಮ ದೇಶದ ದೊಡ್ಡ ಉದ್ಯಮ ಸಮೂಹದಿಂದ ಹೋಗಿತ್ತು. ಟೆಂಡರ್ ಕರೆಯದೆ ನಡೆಯುತ್ತಿದ್ದ ಈ ಮಾತುಕತೆ ಬೆಳಕಿಗೆ ಬಂದದ್ದು ಸೋರಿಕೆಯಾದ ಕಾಗದಗಳಿಂದ. ಸೆಪ್ಟೆಂಬರ್ 9ರಂದು ಹೈಕೋರ್ಟ್ ತಡೆ ನೀಡಿತು. 11ರಂದು ನಿಲ್ದಾಣದ ನೌಕರರು ಕೆಲಸ ನಿಲ್ಲಿಸಿದ್ದರಿಂದ ಪ್ರಯಾಣಿಕರು ಪೆಟ್ಟಿಗೆಗಳೊಡನೆ ರಸ್ತೆಬದಿಯಲ್ಲಿ ಕಾದು ಕುಳಿತರು. ವಿದ್ಯುತ್ ಪ್ರಸರಣಕ್ಕೆ ಅದೇ ಸಮೂಹದೊಡನೆ ಆದ 73.6 ಕೋಟಿ ಡಾಲರ್ ಒಪ್ಪಂದವನ್ನೂ ಅಕ್ಟೋಬರ್‌ನಲ್ಲಿ ಕೋರ್ಟು ತಡೆಹಿಡಿಯಿತು. ಅಮೆರಿಕದಲ್ಲಿ ಸಮೂಹದ ಮುಖ್ಯಸ್ಥರ ಮೇಲೆ ಲಂಚದ ಆರೋಪ ಹೊರಿಸಿದ ಸುದ್ದಿ ಬಂದ ಮರುದಿನ, ನವೆಂಬರ್ 21ರಂದು, ಅಧ್ಯಕ್ಷರು ಸಂಸತ್ತಿನ ಭಾಷಣದಲ್ಲಿ ಎರಡನ್ನೂ ರದ್ದು ಮಾಡುವ ಸೂಚನೆ ಪ್ರಕಟಿಸಿದರು. ಆರೋಪವನ್ನು ಸಮೂಹ ನಿರಾಕರಿಸಿತು. ಅಂದು ಸಭೆಯಲ್ಲಿ ಎದ್ದ ಹರ್ಷೋದ್ಗಾರವೇ ಒಪ್ಪಂದಗಳಿಗೆ ಎಷ್ಟು ಜನಬೆಂಬಲವಿತ್ತು ಎಂಬುದಕ್ಕೆ ಪುರಾವೆ. ಹಳೆಯ ನಿಲ್ದಾಣಕ್ಕೆ ಹೊಸ ಹಣ ಬೇಕು ಎಂಬುದರಲ್ಲಿ ತಕರಾರಿಲ್ಲ, ಅದರ ಚಾವಣಿ ಮಳೆಗೆ ಸೋರುವ ವಿಡಿಯೊಗಳನ್ನು ಕೀನ್ಯಾದವರೇ ಹಂಚಿಕೊಂಡಿದ್ದರು. ತಕರಾರು ಇದ್ದದ್ದು ಮುಚ್ಚಿಟ್ಟು ಮಾಡಿದ ವಿಧಾನದ ಬಗ್ಗೆ.

ಮೇಲುಗಡೆ ಆದ ಹೊಂದಾಣಿಕೆ

ಜುಲೈ 11ರಂದು ಅಧ್ಯಕ್ಷರು ವಿದೇಶಾಂಗ ಹೊಣೆಯವರೊಬ್ಬರನ್ನು ಬಿಟ್ಟು ಇಡೀ ಸಂಪುಟವನ್ನು ವಜಾ ಮಾಡಿದರು. ಮರುದಿನ ಪೊಲೀಸ್ ಮಹಾನಿರ್ದೇಶಕರು ರಾಜೀನಾಮೆ ಕೊಟ್ಟರು. ಬೀದಿಯವರು ಇದನ್ನು ಗೆಲುವೆಂದು ಎಣಿಸುತ್ತಿರುವಾಗಲೇ ವಜಾ ಆದವರಲ್ಲಿ ಹಲವರು ಮರಳಿ ಬಂದರು. ಜೊತೆಗೆ ಮುಖ್ಯ ಪ್ರತಿಪಕ್ಷದ ನಾಯಕರಿಗೂ ಖಾತೆಗಳು ಸಿಕ್ಕವು. ಪ್ರತಿಪಕ್ಷದ ಹಿರಿಯ ಮುಖಂಡರನ್ನು ಖಂಡಮಟ್ಟದ ಒಕ್ಕೂಟದ ಉನ್ನತ ಹುದ್ದೆಗೆ ಸರ್ಕಾರವೇ ಅಭ್ಯರ್ಥಿಯಾಗಿ ಮುಂದಿಟ್ಟಿತು. ವಿಶಾಲ ತಳಹದಿಯ ಸರ್ಕಾರ ಎಂಬ ಹೆಸರಿನ ಈ ಏರ್ಪಾಡು ದೇಶವನ್ನು ಅಂತಃಕಲಹದಿಂದ ಉಳಿಸಿತು ಎನ್ನುವವರಿದ್ದಾರೆ. ಸಂಸತ್ತಿನಲ್ಲಿ ಪ್ರಶ್ನೆ ಕೇಳುವವರೇ ಇಲ್ಲವಾದರು ಎನ್ನುವವರ ಮಾತಿಗೂ ತೂಕವಿದೆ. ನಾಯಕನಿಲ್ಲದ ಚಳವಳಿಯನ್ನು ಖರೀದಿಸಲು ಆಗುವುದಿಲ್ಲ ನಿಜ. ಆದರೆ ಸಂಧಾನದ ಮೇಜಿಗೆ ಅದರ ಪರವಾಗಿ ಹೋಗಿ ಕೂರುವವರೂ ಇರುವುದಿಲ್ಲ.

ಹೊಸ ಗೆಳೆತನಕ್ಕೆ ಹಳೆಯ ಜೊತೆಗಾರನೊಬ್ಬ ಬಲಿಯಾದ. ಮೌಂಟ್ ಕೀನ್ಯಾ ಪ್ರದೇಶದ ಮತಗಳನ್ನು ತಂದುಕೊಟ್ಟಿದ್ದ ಉಪಾಧ್ಯಕ್ಷರು, ಸರ್ಕಾರವೆಂದರೆ ಷೇರು ಹೊಂದಿದವರಿಗೆ ಲಾಭ ಹಂಚುವ ಕಂಪನಿ ಎಂಬರ್ಥದ ಮಾತಾಡಿ ಮೊದಲೇ ಟೀಕೆಗೆ ಗುರಿಯಾಗಿದ್ದರು. ಬುಡಕಟ್ಟು ದ್ವೇಷ, ಅಕ್ರಮ ಸಂಪತ್ತು ಸೇರಿ 11 ಆರೋಪಗಳ ಮೇಲೆ ಅಕ್ಟೋಬರ್ 8ರಂದು ಕೆಳಮನೆಯಲ್ಲಿ 281 ಸದಸ್ಯರು ಅವರ ವಿರುದ್ಧ ಮತ ಹಾಕಿದರು. 17ರಂದು ಸೆನೆಟ್ ಐದನ್ನು ಎತ್ತಿಹಿಡಿಯಿತು. ಆ ಹೊತ್ತಿಗೆ ಉಪಾಧ್ಯಕ್ಷರು ಎದೆನೋವೆಂದು ಆಸ್ಪತ್ರೆಯಲ್ಲಿದ್ದರು, ವಿಚಾರಣೆ ಅವರಿಲ್ಲದೆಯೇ ಮುಗಿಯಿತು. ಮರುದಿನವೇ ಉತ್ತರಾಧಿಕಾರಿಯ ಹೆಸರು ಬಂತು, ನವೆಂಬರ್ 1ರಂದು ಪ್ರಮಾಣವಚನವೂ ಆಯಿತು. 2010ರ ಸಂವಿಧಾನದಡಿ ಉಪಾಧ್ಯಕ್ಷರೊಬ್ಬರು ಹೀಗೆ ಹೋದದ್ದು ಮೊದಲ ಸಲ. ಜೂನ್‌ನಲ್ಲಿ ಬುಡಕಟ್ಟಿಲ್ಲ ಎಂದು ಕೂಗಿದ ದೇಶದ ರಾಜಕೀಯ ಅಕ್ಟೋಬರ್‌ನಲ್ಲಿ ಮತ್ತೆ ಯಾವ ಬೆಟ್ಟದವರು ಯಾವ ಸರೋವರದವರ ಜೊತೆ ಎಂಬ ಲೆಕ್ಕಕ್ಕೆ ಮರಳಿತ್ತು.

ಮೇಲುಗಡೆಯ ಈ ಲೆಕ್ಕಾಚಾರಗಳ ನಡುವೆಯೇ, ಸೆಪ್ಟೆಂಬರ್ 5ರ ರಾತ್ರಿ ನ್ಯೇರಿ ಕೌಂಟಿಯ ಖಾಸಗಿ ಶಾಲೆಯೊಂದರ ವಸತಿಗೃಹಕ್ಕೆ ಬೆಂಕಿ ಬಿದ್ದು 21 ಹುಡುಗರು ಸತ್ತರು. ನೂರೈವತ್ತಕ್ಕೂ ಹೆಚ್ಚು ಮಕ್ಕಳು ಮಲಗುತ್ತಿದ್ದ, ಮರದ ಹಲಗೆಗಳ ಕಟ್ಟಡ ಅದು. ಮಾಚಾಕೋಸ್ ಬಳಿ 2001ರಲ್ಲಿ 67 ಹುಡುಗರು ಇಂಥದೇ ಬೆಂಕಿಯಲ್ಲಿ ಸತ್ತ ಮೇಲೆ ಸುರಕ್ಷಾ ನಿಯಮಗಳನ್ನು ಬರೆದಿದ್ದರು.

ಲೆಕ್ಕಕ್ಕೆ ಬಾರದೆ ಉಳಿದದ್ದು

ಮೆರವಣಿಗೆಗಳು ನಿಂತ ಮೇಲೆ ಶುರುವಾದದ್ದು ಹೆಚ್ಚು ಕಳವಳದ ಸಂಗತಿ. ನಂಬರ್ ಪ್ಲೇಟ್ ಇಲ್ಲದ ಕಾರು, ಮುಸುಕು ಹಾಕಿದ ಜನ, ಹಗಲು ಹೊತ್ತಿನಲ್ಲಿ ಎತ್ತಿಹಾಕಿಕೊಂಡು ಹೋದ ಯುವಕರು. ಜೂನ್‌ನಿಂದ ಡಿಸೆಂಬರ್ ಕೊನೆಯವರೆಗೆ ಇಂಥ 82 ಅಪಹರಣಗಳಾಗಿವೆ ಎಂದು ಮಾನವ ಹಕ್ಕು ಸಂಸ್ಥೆ ಲೆಕ್ಕ ಕೊಟ್ಟಿತು. ಡಿಸೆಂಬರ್‌ನಲ್ಲಿ ಕಾಣೆಯಾದವರಲ್ಲಿ ಅಧ್ಯಕ್ಷರನ್ನು ವ್ಯಂಗ್ಯವಾಗಿ ಚಿತ್ರಿಸಿದ ವ್ಯಂಗ್ಯಚಿತ್ರಕಾರರೂ ಇದ್ದರು. ಕೆಲವರು ಜನವರಿಯಲ್ಲಿ ಎಲ್ಲೋ ರಸ್ತೆಬದಿಯಲ್ಲಿ ಬಿಡುಗಡೆಯಾದರು. ನವೆಂಬರ್‌ನಲ್ಲಿ ಉಗಾಂಡದ ಹಿರಿಯ ವಿರೋಧ ಪಕ್ಷದ ನಾಯಕರೊಬ್ಬರು ನೈರೋಬಿಯಲ್ಲಿ ಕಾಣೆಯಾಗಿ, ನಾಲ್ಕು ದಿನಗಳ ನಂತರ ಕಂಪಾಲಾದ ಸೇನಾ ನ್ಯಾಯಾಲಯದಲ್ಲಿ ಪ್ರತ್ಯಕ್ಷರಾದರು. ತಮ್ಮ ಕೈವಾಡವಿಲ್ಲ ಎಂದು ಕೀನ್ಯಾ ಪೊಲೀಸರು ಹೇಳುತ್ತ ಬಂದರು. ಆ ನಿರಾಕರಣೆಯನ್ನು ಒಪ್ಪಿದರೂ, ರಾಜಧಾನಿಯ ಬೀದಿಯಿಂದ ಜನರನ್ನು ಎತ್ತಿಕೊಂಡು ಹೋಗುವವರು ಯಾರೆಂದು ಪೊಲೀಸರಿಗೇ ಗೊತ್ತಿಲ್ಲ ಎಂಬ ಸ್ಥಿತಿ ಇನ್ನೂ ಭಯಂಕರ. ಜೂನ್ ತಿಂಗಳ ಗುಂಡುಗಳಿಗೆ ಸಂಬಂಧಿಸಿ ವರ್ಷ ಮುಗಿಯುವವರೆಗೂ ಒಬ್ಬ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ. ತೆರಿಗೆಯ ಜಗಳದಲ್ಲಿ ಎರಡು ಪಕ್ಷಗಳಿಗೂ ವಾದವಿದೆ. ಇದರಲ್ಲಿ ಇಲ್ಲ.

ಡಿಸೆಂಬರ್ 11ರಂದು ಅಧ್ಯಕ್ಷರು ತೆರಿಗೆ ಕಾನೂನುಗಳ ತಿದ್ದುಪಡಿಗೆ ಸಹಿ ಹಾಕಿದರು. ಜೂನ್‌ನ ಮಸೂದೆಯಲ್ಲಿದ್ದ ಕೆಲವು ಪ್ರಸ್ತಾವಗಳು ಬೇರೆ ಬಟ್ಟೆ ತೊಟ್ಟು ಅದರಲ್ಲಿದ್ದವು. ಬ್ರೆಡ್ಡು ಇರಲಿಲ್ಲ. ಆಮದಿನ ಮೇಲಿನ ರೈಲ್ವೆ ಸುಂಕ ಶೇ 1.5ರಿಂದ 2ಕ್ಕೆ ಏರಿತು. ಅದು ಮುಖ್ಯವಾಗಿ ಹೋಗುವುದು ನೈವಾಶಾದಲ್ಲಿ ನಿಂತ ಆ ಹಳಿಯ ಲೆಕ್ಕಕ್ಕೆ. ಈ ಸಲ ದೊಡ್ಡ ಮೆರವಣಿಗೆ ನಡೆಯಲಿಲ್ಲ. 2025ರ ಹಣಕಾಸು ಮಸೂದೆಯಲ್ಲಿ ಸರ್ಕಾರ ಕಣ್ಣಿಗೆ ಹೊಡೆಯುವ ಹೊಸ ತೆರಿಗೆಗಳಿಂದ ದೂರ ಉಳಿಯಿತು. ಅದರಲ್ಲಿ ಒಂದು ಕಲಮು ನಾಗರಿಕರ ವೈಯಕ್ತಿಕ ಮಾಹಿತಿಯನ್ನು ತೆರಿಗೆ ಅಧಿಕಾರಿಗಳಿಗೆ ಮುಕ್ತವಾಗಿ ತೆರೆದಿಡಲು ಹೊರಟಿತ್ತು. ಆಕ್ಷೇಪಗಳು ಬಂದಾಗ ಸಂಸದರೇ ಅದನ್ನು ತೆಗೆದುಹಾಕಿದರು. ಆದರೆ ಆ ವರ್ಷದ ಜೂನ್ 25ರಂದು, ವರ್ಷದ ಹಿಂದೆ ಸತ್ತವರ ನೆನಪಿಗೆ ನಡೆದ ಮೆರವಣಿಗೆಗಳಲ್ಲಿ ಮತ್ತೆ ಹತ್ತಕ್ಕೂ ಹೆಚ್ಚು ಜನ ಸತ್ತರು. ಮುಂದಿನ ಸಾರ್ವತ್ರಿಕ ಚುನಾವಣೆ 2027ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಬೀದಿಯ ಪೀಳಿಗೆ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿ, ಅಭ್ಯರ್ಥಿಗಳನ್ನೂ ಪಕ್ಷವನ್ನೂ ಕಟ್ಟಿಕೊಳ್ಳುತ್ತದೆಯೇ ಎಂಬುದು ಇನ್ನೂ ತೀರ್ಮಾನವಾಗಬೇಕಿದೆ. ಬಾಂಡುಗಳ ವಾಯಿದೆಗಳು ಆಗಲೇ ನಿಗದಿಯಾಗಿವೆ.